ಎಪ್ಪತ್ತು ದಾಟಿದ ಮೇಲೂ ದುರ್ಯೋಧನ: ದೊಡ್ಡಪ್ಪ ಬಣ್ಣ ಹಚ್ಚುವುದನ್ನು ನಿಲ್ಲಿಸಬೇಕೆ?

ನಿಟ್ಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಪೌರಾಣಿಕ ನಾಟಕಗಳ ಒಳಹೊರಗು ಬಲ್ಲವರು ಇಲ್ಲಿ ಅನೇಕರಿದ್ದೀರಿ, ಆದ್ದರಿಂದ ಕೇಳುತ್ತಿದ್ದೇನೆ. ನಮ್ಮ ದೊಡ್ಡಪ್ಪನಿಗೆ ಈಗ 74 ವರ್ಷ. ಗುಬ್ಬಿ ತಾಲೂಕಿನ ನಮ್ಮ ಆಸುಪಾಸಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಟ್ಟಿದರೆ ದುರ್ಯೋಧನನ ಪಾತ್ರಕ್ಕೆ ಬೇರೆಯವರ ಹೆಸರೇ ಬರುತ್ತಿರಲಿಲ್ಲ. ಕಳೆದ ಜಾತ್ರೆಯ ನಾಟಕದಲ್ಲಿ ಒಡ್ಡೋಲಗದ, ಅಂದರೆ ತುಂಬಿದ ರಾಜಸಭೆಯ, ಪದ್ಯಕ್ಕೆ ಉಸಿರು ಸಾಲಲಿಲ್ಲ. ಮೇಷ್ಟ್ರು ಹಾರ್ಮೋನಿಯಂನಲ್ಲಿ ಸ್ವರ ಎಳೆದು ಆ ಜಾಗ ತುಂಬಿಸಿದರು. ಜನರಿಗೆ ಅಷ್ಟಾಗಿ ತಿಳಿಯಲಿಲ್ಲ, ಮನೆಯವರಿಗೆ ತಿಳಿಯಿತು.

ಬೆಂಗಳೂರಿನಲ್ಲಿರುವ ಅಣ್ಣಂದಿರು, ದೊಡ್ಡಪ್ಪನ ಮಕ್ಕಳು, ಇನ್ನು ಸಾಕು ಎನ್ನುತ್ತಾರೆ. ರಾತ್ರಿಯಿಡೀ ನಿದ್ದೆಗೆಡುವುದು, ಕಿರೀಟದ ಭಾರ, ಗದಾಯುದ್ಧ, ರಕ್ತದೊತ್ತಡದ ಮಾತ್ರೆ, ಒಂದೊಂದನ್ನೂ ಎತ್ತಿ ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ದೊಡ್ಡಪ್ಪ ವಾದ ಮಾಡುವುದಿಲ್ಲ. ಜಾತ್ರೆಯಾದ ಕೆಲವೇ ವಾರಗಳಲ್ಲಿ ದೊಡ್ಡಮ್ಮ ತೀರಿಕೊಂಡರು. ಆಮೇಲೆ ಅವರ ಬಾಯಿಂದ ಒಂದು ಪದ್ಯವನ್ನೂ ನಾವು ಕೇಳಿರಲಿಲ್ಲ. ಈ ವರ್ಷದ ತಾಲೀಮಿಗೆ ಕರೆ ಬಂದಾಗಿನಿಂದ ಬೆಳಿಗ್ಗೆ ತೋಟಕ್ಕೆ ಹೋಗುವಾಗ ಮತ್ತೆ ಹೇಳಿಕೊಳ್ಳಲು ಶುರುಮಾಡಿದ್ದಾರೆ.

ಯಾವ ವಯಸ್ಸಿಗೆ ವೇದಿಕೆ ಬಿಡಬೇಕು? ಬಿಡಲೇಬೇಕೆ?

ಚೇಳೂರಿನವನು

ನೇರವಾಗಿ ಹೇಳುತ್ತೇನೆ ಅಕ್ಕ, ಬೇಸರ ಮಾಡಿಕೊಳ್ಳಬೇಡಿ. ಜನ ‘ಇನ್ನೂ ಮಾಡಬೇಕಿತ್ತು’ ಎನ್ನುವಾಗಲೇ ಬಿಟ್ಟರೆ ಹೆಸರು ಉಳಿಯುತ್ತದೆ. ಈ ವರ್ಷ ನಾಟಕದ ನಡುವೆ ಒಂದು ಸನ್ಮಾನ ಇಟ್ಟುಕೊಳ್ಳಿ. ಶಾಲು ಹೊದಿಸಿ, ಹಾರ ಹಾಕಿ, ಅವರ ಕೈಯಿಂದಲೇ ಗದೆಯನ್ನು ಹೊಸಬರಿಗೆ ಕೊಡಿಸಿ.

ಹಾರ್ಮೋನಿಯಂ ಮೇಷ್ಟ್ರು, ತಿಪಟೂರು

ಉಸಿರು ಸಾಲಲಿಲ್ಲ ಎಂಬ ಒಂದೇ ಕಾರಣಕ್ಕೆ ಕಲಾವಿದನನ್ನು ಮನೆಗೆ ಕಳುಹಿಸಬಾರದಮ್ಮ. ಮೊದಲು ಕೇಳಬೇಕಾದದ್ದು ಯಾವ ಶ್ರುತಿಯಲ್ಲಿ, ಅಂದರೆ ಯಾವ ಎತ್ತರದ ಆಧಾರ ಸ್ವರ ಹಿಡಿದು, ಹಾಡಿದರು ಎಂಬುದನ್ನು. ಮೂವತ್ತರಲ್ಲಿ ಹಿಡಿದ ಶ್ರುತಿಯನ್ನೇ 74ರಲ್ಲೂ ಹಿಡಿಸಿದರೆ ತಪ್ಪು ಹಾಡುವವರದಲ್ಲ, ನುಡಿಸುವವರದು. ವಯಸ್ಸಾದಂತೆ ಧ್ವನಿತಂತುಗಳು ತೆಳುವಾಗುತ್ತವೆ, ಅವುಗಳ ಬಿಗಿ ಸಡಿಲುತ್ತದೆ. ಎರಡೂ ಸರಿಯಾಗಿ ಕೂಡದೆ ನಡುವೆ ಗಾಳಿ ಸೋರುತ್ತದೆ. ಉಸಿರು ಬೇಗ ಮುಗಿಯುವುದು ಅದರಿಂದಲೂ ಹೌದು, ಶ್ವಾಸಕೋಶವೊಂದನ್ನೇ ದೂರುವಂತಿಲ್ಲ. ಮುಪ್ಪಿನಲ್ಲಿ ಗಂಡಸರ ಮಾತಿನ ಧ್ವನಿ ತುಸು ಏರುತ್ತದೆ, ಹೆಂಗಸರದು ಇಳಿಯುತ್ತದೆ. ಆದರೆ ಮೇಲಿನ ಸ್ಥಾಯಿಯಲ್ಲಿ ನಿಂತು ಎಳೆಯುವ ಶಕ್ತಿ ಇಬ್ಬರಿಗೂ ಕುಗ್ಗುತ್ತದೆ.

ನಾನು ಹಿರಿಯ ಪಾತ್ರಧಾರಿಗೆ ಶ್ರುತಿಯನ್ನು ಹಾರ್ಮೋನಿಯಂನ ಒಂದು ಮನೆ ಇಳಿಸುತ್ತೇನೆ, ಬೇಕಾದರೆ ಎರಡು. ಉದ್ದದ ಆಲಾಪವನ್ನು ಎರಡಾಗಿ ಮುರಿದು ನಡುವೆ ಹಾರ್ಮೋನಿಯಂಗೆ ಜಾಗ ಮಾಡಿಕೊಳ್ಳುತ್ತೇನೆ. ಉದ್ದ ಸಾಲುಗಳ ಸೀಸಪದ್ಯದಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು ತಾಲೀಮಿನಲ್ಲೇ ಪುಸ್ತಕದ ಮೇಲೆ ಗುರುತು ಹಾಕಿಸುತ್ತೇನೆ. ಪದದ ಮಧ್ಯೆ ಉಸಿರೆಳೆದರೆ ಅರ್ಥ ಕೆಡುತ್ತದೆ. ಅರ್ಥ ಮುಗಿದಲ್ಲಿ ನಿಂತು, ಎದುರಿನವನ ಮುಖ ನೋಡಿ ಎಳೆದರೆ ಅದೂ ಅಭಿನಯವೇ ಆಗುತ್ತದೆ.

ತೊಡಕು ಇರುವುದು ಬೇರೆ ಕಡೆ. ಸಂಧಾನದ ದೃಶ್ಯದಲ್ಲಿ ಕೃಷ್ಣನದು ಒಂದು ಶ್ರುತಿ, ದುರ್ಯೋಧನನದು ಇನ್ನೊಂದು ಶ್ರುತಿಯಾದರೆ ವಾದದ ಪದ್ಯಗಳು ಹೊಂದುವುದಿಲ್ಲ. ಆಗ ಎಳೆಯ ಕೃಷ್ಣ ಹಿರಿಯರ ಶ್ರುತಿಗೆ ಇಳಿದು ಬರಬೇಕು. ಅವನು ಒಪ್ಪುವುದಿಲ್ಲ, ಏಕೆಂದರೆ ಜನ ಒನ್ಸ್ ಮೋರ್ ಕೂಗುವುದು ಎತ್ತರದ ಶ್ರುತಿಗೆ. ಈ ಜಗಳದಲ್ಲಿ ನಾನು ಪ್ರತಿ ಸಲವೂ ಹಿರಿಯರ ಪರವೇ ನಿಂತಿದ್ದೇನೆ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಮುಟ್ಟಬೇಕೆಂದು ಕೂಗಿ ಹಾಡುವುದು ಅನಿವಾರ್ಯವಾಗಿತ್ತು. ಇಂದು ಎದೆಯ ಮೇಲೆ ಮೈಕ್ ಸಿಕ್ಕಿಸಿಕೊಂಡೂ ಹಾಗೆಯೇ ಕೂಗಿದರೆ ಗಂಟಲು ಹಾಳು, ಪದ್ಯವೂ ಹಾಳು.

ನಮ್ಮ ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಕುಣಿಯುವ ಕಾಲು ಸೋತವರು ತಾಳ ಹಿಡಿದು ಹಿಮ್ಮೇಳಕ್ಕೆ ಬಂದದ್ದನ್ನು ಚಿಕ್ಕಂದಿನಲ್ಲೇ ನೋಡಿದ್ದೇನೆ. ಪ್ರಸಂಗ ಪೂರ್ತಿ ಬಾಯಿಗೆ ಬರುತ್ತಿದ್ದುದು ಅವರಿಗೇ. ಮುಖವೀಣೆಯವರು ಕೂಡ ಅವರ ಕಡೆ ನೋಡಿಕೊಂಡೇ ಊದುತ್ತಿದ್ದರು.

ಶುಶ್ರೂಷಕಿ, ಶಿರಾ

ನನಗೆ ರಾಗತಾಳ ತಿಳಿಯದು. ಆದರೆ ನಾಟಕದ ರಾತ್ರಿಗಳಲ್ಲಿ ಹಿರಿಯರು ಏನು ಮಾಡಿಕೊಳ್ಳುತ್ತಾರೆ ಎಂಬುದನ್ನು ಹತ್ತಿರದಿಂದ ಬಲ್ಲೆ.

ಒಮ್ಮೆ ಕಚ್ಚೆ ಕಟ್ಟಿ, ಸೊಂಟದ ಪಟ್ಟಿ ಬಿಗಿದ ಮೇಲೆ ಅದನ್ನು ಬಿಚ್ಚಿ ಮೂತ್ರಕ್ಕೆ ಹೋಗುವುದು ಕಷ್ಟ ಎಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಹೇಳಿಕೊಳ್ಳಲು ಸಂಕೋಚ, ಹಾಗಾಗಿ ಮನೆಯವರಿಗೂ ತಿಳಿಯುವುದಿಲ್ಲ. ನೀರಿಲ್ಲದೆ ಗಂಟಲು ಒಣಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ತೆಗೆದುಕೊಳ್ಳುವ ಹಿರಿಯರು ಕುಳಿತಲ್ಲಿಂದ ಥಟ್ಟನೆ ಎದ್ದರೆ ತಲೆ ಸುತ್ತಿ ಬೀಳಬಹುದು. ದುರ್ಯೋಧನ ಸಿಂಹಾಸನದಿಂದ ಕೋಪದಲ್ಲಿ ಎದ್ದೇಳುವುದೇ ಹಾಗೆ ಅಲ್ಲವೇ? ಗದೆ ಊರಿ, ಒಂದು ಕ್ಷಣ ನಿಂತು, ಆಮೇಲೆ ಹೆಜ್ಜೆ ಇಡಲಿ. ಉಡುಪು ಕಟ್ಟುವವರಿಗೆ ಹೇಳಿ ಸುಲಭವಾಗಿ ಬಿಚ್ಚುವಂತೆ ಕಟ್ಟಿಸಿ.

ಇನ್ನೊಂದು, ಬಣ್ಣದ ಮನೆಯಿಂದ ವೇದಿಕೆಗೆ ಹತ್ತುವ ಮೆಟ್ಟಿಲು. ವೇದಿಕೆಯ ಮೇಲಿನ ಬೆಳಕಿನಿಂದ ಪರದೆಯ ಹಿಂದಿನ ಕತ್ತಲೆಗೆ ಬಂದಾಗ ವಯಸ್ಸಾದ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕು. ಅಲ್ಲಿ ವಿದ್ಯುತ್ ತಂತಿಗಳೂ ಹಾವಳಿ ಮಾಡುತ್ತವೆ. ಒಂದು ಸಣ್ಣ ದೀಪ, ಕೈ ಹಿಡಿಯಲು ಒಬ್ಬ ಹುಡುಗ, ಇಷ್ಟು ಇರಲೇಬೇಕು. ಸಕ್ಕರೆ ಕಾಯಿಲೆ ಇದ್ದರೆ ಊಟದ ಹೊತ್ತು ತಪ್ಪಿಸಬೇಡಿ. ನಾಟಕದ ದಿನವೆಂದು ಮಾತ್ರೆಯನ್ನು ಹಿಂದುಮುಂದು ಮಾಡಬೇಡಿ, ಮೊದಲೇ ವೈದ್ಯರನ್ನು ಕೇಳಿ. ಇವೆಲ್ಲ ನೋಡಿಕೊಂಡರೆ 74 ಎನ್ನುವುದು ಬರಿಯ ಸಂಖ್ಯೆಯ ಕಾರಣಕ್ಕೆ ನಿಲ್ಲಿಸುವ ವಯಸ್ಸಲ್ಲ ಎಂದೇ ನನ್ನ ಅಭಿಪ್ರಾಯ. ಮನೆಯಲ್ಲಿ ಸುಮ್ಮನೆ ಕುಳಿತು ತೊಡೆಯ ಸ್ನಾಯು ಕರಗಿಸಿಕೊಂಡು ಬಚ್ಚಲಲ್ಲಿ ಜಾರಿ ಬಿದ್ದವರನ್ನೇ ನಾನು ಹೆಚ್ಚು ನೋಡುವುದು.

ಕೋಲಾರದ ಕೇಳುಗ

ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ 72 ವರ್ಷ. ಹದಿಹರೆಯದಲ್ಲಿ ಹಿಡಿದ ತಮಟೆ ಅದು. ತೊಗಲು ಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಕೊಪ್ಪಳದವರು, 2025ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ 96. ಉತ್ತರ ಕರ್ನಾಟಕದ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದರು, ವೃತ್ತಿ ರಂಗಭೂಮಿಯ ಹಾಡನ್ನು ಅವರಿಂದಲೇ ಕೇಳಬೇಕೆಂದು ಜನ ಹುಡುಕಿಕೊಂಡು ಹೋಗುತ್ತಿದ್ದರು.

ನಮ್ಮ ಗಡಿ ಹಳ್ಳಿಗಳಲ್ಲಿ ತೆಲುಗು ಪದ್ಯ ನಾಟಕಗಳೂ ನಡೆಯುತ್ತವೆ. ಅಲ್ಲಿಯೂ ಒಳ್ಳೆಯ ಪದ್ಯ ಹೇಳುವವರು ಹಿರಿಯರೇ. ನಿಮ್ಮ ದೊಡ್ಡಪ್ಪನವರು ಏನು ಹೇಳುತ್ತಾರೆ ಎಂದು ಅವರನ್ನೇ ಕೇಳಿದಿರಾ?

ನಿಟ್ಟೂರಿನ ಮಗಳು

ಕೇಳಿದೆ. ಎಲ್ಲರೂ ಬರೆದದ್ದನ್ನು ಓದಿ ಹೇಳಿದೆ. ಅವರು ಹೇಳುತ್ತಾ ಹೋದದ್ದನ್ನು ಬರೆದುಕೊಂಡು ಇಲ್ಲಿ ಹಾಕುತ್ತಿದ್ದೇನೆ. ಮಾತು ಅವರದೇ, ನಾನು ಏನನ್ನೂ ಸೇರಿಸಿಲ್ಲ.

“ಚೇಳೂರಿನ ಮಗುವಿಗೆ ಮೊದಲ ಉತ್ತರ. ಶಾಲು ನನ್ನ ಬಳಿ ಬೇಕಾದಷ್ಟಿವೆ ಕಣಪ್ಪ. ಸನ್ಮಾನ ಮಾಡಿದವರು ಮರುವರ್ಷ ಪಾತ್ರಕ್ಕೆ ಕರೆಯುವುದಿಲ್ಲ. ನನ್ನ ಜೊತೆಯವರಲ್ಲಿ ಎಷ್ಟೋ ಜನಕ್ಕೆ ಹೀಗಾದದ್ದನ್ನು ಕಂಡಿದ್ದೇನೆ. ಮುದುಕನಿಗೆ ಸನ್ಮಾನ ಬೇಡ, ಪಾತ್ರ ಬೇಕು. ಎರಡೇ ಮಾತಿನ ಪಾತ್ರವಾದರೂ ಸರಿ, ‘ನೀನು ತಾಲೀಮಿಗೆ ಬರದಿದ್ದರೆ ಆಗುವುದಿಲ್ಲ’ ಎಂದು ಹೇಳುವವರು ಬೇಕು.

ನಾಟಕ ಒಂದು ರಾತ್ರಿ. ತಾಲೀಮು ತಿಂಗಳುಗಟ್ಟಲೆ. ಜನ ಆ ರಾತ್ರಿಯನ್ನು ನೋಡಿ ಮಾತನಾಡುತ್ತಾರೆ, ನನ್ನನ್ನು ಎಬ್ಬಿಸಿ ನಿಲ್ಲಿಸುವುದು ತಾಲೀಮು. ಸಂಜೆ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಗುಡಿಯ ಹತ್ತಿರ ಹೋದರೆ ಅಲ್ಲಿ ಗಾರೆ ಕೆಲಸದವನು ಅರ್ಜುನ, ಹಾಲಿನ ಡೈರಿಯವನು ಶಕುನಿ, ಆಟೋ ಓಡಿಸುವವನು ಕರ್ಣ. ಮನೆಯಲ್ಲಿ ನನ್ನನ್ನು ‘ಊಟ ಆಯಿತೇ, ಮಾತ್ರೆ ತೆಗೆದುಕೊಂಡಿರಾ’ ಎಂದು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಅಲ್ಲಿ ‘ಈ ಪದ್ಯದ ಎರಡನೆಯ ಸಾಲನ್ನು ಹೇಗೆ ಎತ್ತಬೇಕು’ ಎಂದು ಕೇಳುತ್ತಾರೆ. ನಿಮ್ಮ ದೊಡ್ಡಮ್ಮ ಹೋದ ಮೇಲೆ ನನ್ನನ್ನು ಏನಾದರೂ ಕೇಳಿದವರು ಆ ಹುಡುಗರೇ.

ಇನ್ನು ದುರ್ಯೋಧನ. ಈ ವರ್ಷದಿಂದ ಬಿಡುತ್ತೇನೆ. ಉಸಿರಿನ ಕಾರಣಕ್ಕಲ್ಲ, ಉಸಿರಿಗೆ ಮೇಷ್ಟ್ರು ದಾರಿ ಹೇಳಿದ್ದಾರೆ. ಗದಾಯುದ್ಧದಲ್ಲಿ ನನ್ನ ಎದುರಿನ ಭೀಮ ಈಚೆಗೆ ನನ್ನನ್ನು ಜೋಪಾನವಾಗಿ ಹೊಡೆಯುತ್ತಿದ್ದಾನೆ. ಅವನು ನನಗೆ ಮೊಮ್ಮಗನ ವಯಸ್ಸಿನವನು, ಒಳ್ಳೆಯ ಹುಡುಗ. ಆದರೆ ಭೀಮ ಕನಿಕರದಿಂದ ಹೊಡೆದರೆ ಆ ಯುದ್ಧಕ್ಕೆ ಅರ್ಥವೇ ಇಲ್ಲ. ನೋಡಲು ಕುಳಿತವರಿಗೆ ಅದು ಕಾಣಿಸುತ್ತದೆ.

ಮುದುಕ ಎಂದ ಕೂಡಲೇ ಎಲ್ಲರೂ ಭೀಷ್ಮ ಎನ್ನುತ್ತಾರೆ. ಭೀಷ್ಮ ಮುದುಕನಾದರೂ ಹತ್ತು ದಿನ ಸೇನಾಪತಿಯಾಗಿ ಕಾದಿದವನು. ಅವನ ಪಾತ್ರಕ್ಕೆ ಗಟ್ಟಿ ಮೈ ಇರುವವನೇ ಬೇಕು. ನನಗೆ ಧೃತರಾಷ್ಟ್ರ ಬೇಕು. ಬೇರೆ ಪಾತ್ರಗಳೆಲ್ಲ ಹಂಚಿದ ಮೇಲೆ ಉಳಿದವನಿಗೆ ಅದನ್ನು ಕೊಡುತ್ತಾರೆ, ಅವನೂ ಕುಳಿತು ಮಾತು ಒಪ್ಪಿಸಿ ಎದ್ದು ಹೋಗುತ್ತಾನೆ. ಕಣ್ಣಿನ ಅಭಿನಯ ಇಲ್ಲ. ಕೈಯಲ್ಲಿ, ಕತ್ತಿನ ತಿರುವಿನಲ್ಲಿ, ಧ್ವನಿಯಲ್ಲಿ ಮಗನ ಮೇಲಿನ ಮೋಹ ತೋರಿಸಬೇಕು. ತಪ್ಪು ಎಂದು ಗೊತ್ತಿದ್ದೂ ಬೇಡ ಎನ್ನಲಾರದ ತಂದೆ ಅವನು. ಇಷ್ಟು ವರ್ಷ ಅವನ ಮಗನಾಗಿ ಆ ಸಿಂಹಾಸನದ ಎದುರು ನಿಂತಿದ್ದೇನೆ, ಅವನು ಹೇಗೆ ಕೂರಬೇಕು ಎಂದು ನನಗೆ ಗೊತ್ತು. ಹೊಸ ಮಾತುಗಳನ್ನು ಬಾಯಿಪಾಠ ಮಾಡುವುದು ಈ ವಯಸ್ಸಿಗೆ ಕಷ್ಟ. ಹಳೆಯ ಪದ್ಯ ಅಳಿಸಿ ಹೋಗುವುದಿಲ್ಲ, ಹೊಸದು ನಿಲ್ಲುವುದಿಲ್ಲ. ಅದಕ್ಕಾಗಿಯೇ ಕಲಿಯಬೇಕು ಎನ್ನಿಸುತ್ತದೆ.

ನಮ್ಮ ತಾಲೂಕಿನ ವೀರಣ್ಣನವರನ್ನು ನೆನೆಯಿರಿ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಗೆ ಬಾಲನಟರಾಗಿ ಸೇರಿ ಅದರ ಯಜಮಾನರೇ ಆದರು. ರಾಜನ ಪಾತ್ರಗಳೆಲ್ಲ ತಮಗೇ ಇರಲಿ ಎನ್ನಬಹುದಿತ್ತು. ಹೆಸರಾದದ್ದು ಹಾಸ್ಯ ಪಾತ್ರಗಳಿಂದ. ಪಾತ್ರದ ಅಳತೆ ಹಿಡಿದು ಕಲಾವಿದನನ್ನು ಅಳೆಯುವುದು ನಮ್ಮ ಸೀಮೆಯವರಿಗೆ ಒಪ್ಪುವ ಮಾತಲ್ಲ.”

ಚೇಳೂರಿನವನು

ಅಜ್ಜನವರಿಗೆ ನಮಸ್ಕಾರ. ನಾನು ಹಾಗೆ ಬರೆದದ್ದಕ್ಕೆ ಒಂದು ಹಿನ್ನೆಲೆ ಇದೆ, ಹೇಳಿಬಿಡುತ್ತೇನೆ. ನಮ್ಮಲ್ಲಿ ಪಾತ್ರ ಸಿಗುವುದು ಹಣ ಕಟ್ಟಿದವರಿಗೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಅದರಿಂದಲೇ ಸೀನರಿ, ವೇಷಭೂಷಣ, ವಾದ್ಯದವರ ಖರ್ಚು ಹೊರಡಬೇಕು, ಅದೂ ಸರಿ. ಆದರೆ ಹಣವೂ ಹಿರಿತನವೂ ಒಟ್ಟಿಗೆ ಇರುವವರು ಕೃಷ್ಣ, ಕರ್ಣ, ದುರ್ಯೋಧನರನ್ನು ವರ್ಷವರ್ಷವೂ ಹಿಡಿದು ಕೂರುತ್ತಾರೆ. ನನ್ನಂಥವರು ದ್ವಾರಪಾಲಕನಿಂದ ಸೈಂಧವನವರೆಗೆ ಬಂದು ಅಲ್ಲಿಯೇ ನಿಂತಿದ್ದೇವೆ. ತಾವು ಬಿಡುತ್ತೇನೆ ಎಂದದ್ದು ದೊಡ್ಡ ಮಾತು. ಎಲ್ಲರೂ ಹಾಗೆ ಹೇಳುವುದಿಲ್ಲ. ಬಿಡುವವರು ಕಲಿಸಿಯೂ ಕೊಡಬೇಕಲ್ಲವೇ?

ಪಾತ್ರಧಾರಿಣಿ, ತುಮಕೂರು

ಇಲ್ಲಿ ಬರೆದವರೆಲ್ಲ ಪಾತ್ರವನ್ನು ಹಿಡಿಯುವ, ಬಿಡುವ ಸ್ವಾತಂತ್ರ್ಯ ಇರುವವರು. ನಾನು ಸಂಭಾವನೆಗೆ ಬರುವವಳು. ಊರಿನ ಗಂಡಸರು ಹಣ ಕಟ್ಟಿ ಪಾತ್ರ ಮಾಡುತ್ತಾರೆ, ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆಯರಾಗಿ ನಾವು ಹಣ ಪಡೆದು ಮಾಡುತ್ತೇವೆ. ನನಗೆ ಈಗ 61.

ಹಿರಿಯರಿಗೆ 74ರಲ್ಲಿ ಬಂದ ಪ್ರಶ್ನೆ ನಮಗೆ ನಲವತ್ತಕ್ಕೇ ಬರುತ್ತದೆ. ಅದನ್ನು ನಾವು ಕೇಳಿಕೊಳ್ಳುವುದಿಲ್ಲ, ಬೇರೆಯವರೇ ತೀರ್ಮಾನಿಸಿರುತ್ತಾರೆ. ದ್ರೌಪದಿಗೆ ಕರೆಯುತ್ತಿದ್ದವರು ಒಂದು ವರ್ಷ ಸುಮ್ಮನಾಗುತ್ತಾರೆ. ಮರುವರ್ಷ ‘ಕುಂತಿ ಮಾಡಿ ಅಮ್ಮ’ ಎನ್ನುತ್ತಾರೆ. ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದವರ ಬಾಯಲ್ಲಿ ಅಮ್ಮ ಎಂದು ಬಂದ ಕೂಡಲೇ ಸಂಭಾವನೆ ಇಳಿಯಿತು ಎಂದು ತಿಳಿಯಬೇಕು. ಕರ್ಣ ಕುಂತಿಯರ ಭೇಟಿಯಲ್ಲಿ ಕರ್ಣನಿಗೆ ಹಾರ ಬೀಳುತ್ತದೆ, ನೋಟು ಬೀಳುತ್ತದೆ. ಆ ದೃಶ್ಯವನ್ನು ಎತ್ತಿ ನಿಲ್ಲಿಸುವವಳಿಗೆ ದ್ರೌಪದಿಗಿಂತ ಕಡಿಮೆ ಹಣ. ಗಾಂಧಾರಿಗೆ ಇನ್ನೂ ಕಡಿಮೆ.

ಏಕೆ ಇನ್ನೂ ಹೋಗುತ್ತೇನೆ? ಮನೆ ಬಾಡಿಗೆಗೆ ಹೋಗುತ್ತೇನೆ. ಅಷ್ಟೇ ಎಂದರೆ ನಾನು ಕಲಿತದ್ದಕ್ಕೆ ದ್ರೋಹವಾಗುತ್ತದೆ. ಇಪ್ಪತ್ತೈದರಲ್ಲಿ ಒಮ್ಮೆ ಕುಂತಿ ಮಾಡಿದಾಗ ಧಾರಾಳವಾಗಿ ಕಣ್ಣೀರು ಸುರಿಸಿದ್ದೆ. ಈಗ ಅಳುವುದಿಲ್ಲ. ಕರ್ಣನ ಬಳಿ ಬಂದದ್ದು ಅವನ ಮೇಲಿನ ಪ್ರೀತಿಗೋ, ಉಳಿದ ಐವರ ಪ್ರಾಣಕ್ಕೋ ಎಂಬುದು ಅವಳಿಗೇ ತಿಳಿಯದು ಎಂಬಂತೆ ನಿಂತು ಮಾತನಾಡುತ್ತೇನೆ. ಮುಂದೆ ಕುಳಿತ ಹೆಂಗಸರು ತಕ್ಷಣ ಹಿಡಿಯುತ್ತಾರೆ. ಇದು ವಯಸ್ಸು ಕೊಟ್ಟದ್ದು, ಯಾವ ಮೇಷ್ಟ್ರೂ ಕಲಿಸಿದ್ದಲ್ಲ. ಇಷ್ಟು ಕಲಿತ ಹೊತ್ತಿಗೆ ನಮಗೆ ಕರೆ ಕಡಿಮೆಯಾಗಿರುತ್ತದೆ.

ನಮ್ಮ ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀಯವರು 2025ರಲ್ಲಿ, 67ನೆಯ ವಯಸ್ಸಿನಲ್ಲಿ, ಯಕ್ಷಗಾನದ ಮಂಥರೆಯಾಗಿ ಹೆಜ್ಜೆ ಹಾಕಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರ ಧ್ವನಿಯೂ ನನಗೆ ಧೈರ್ಯ. ಹೆಸರಿಲ್ಲದ ನಮ್ಮಂಥವರಿಗೆ ಬೇಕಾದದ್ದು ಸಣ್ಣದು. ಬೆಳಗಿನ ಜಾವ ನಾಟಕ ಮುಗಿದ ಮೇಲೆ ಬಣ್ಣ ಅಳಿಸಿಕೊಂಡು, ಪೆಟ್ಟಿಗೆ ಹಿಡಿದು, ಮೊದಲ ಬಸ್ಸಿಗೆ ರಸ್ತೆ ಬದಿಯಲ್ಲಿ ಒಬ್ಬಳೇ ಕಾಯುವಂತೆ ಮಾಡಬೇಡಿ. ಹೊತ್ತಿಗೆ ಊಟ ಕೊಡಿ, ಮರೆಯಾದ ಒಂದು ಶೌಚಾಲಯ ತೋರಿಸಿ. ಹಿರಿಯ ಗಂಡಸರ ಆರೋಗ್ಯದ ಬಗ್ಗೆ ಇಷ್ಟು ಬರೆದಿರಲ್ಲ, ಕುಂತಿಗೂ ಮಂಡಿ ನೋಯುತ್ತದೆ.

ಓದುಗ, ಮಧುಗಿರಿ

ಅಮ್ಮ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ 58 ತುಂಬಿದವರು ಅರ್ಜಿ ಹಾಕಬಹುದು. ಇನ್ನೂ ಹಾಕಿಲ್ಲವಾದರೆ ತುಮಕೂರಿನ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ ಎಂಬುದಕ್ಕೆ ಹಳೆಯ ಕರಪತ್ರ, ಫೋಟೊ, ಪ್ರಶಂಸಾಪತ್ರ ಯಾವುದಿದ್ದರೂ ಎಸೆಯಬೇಡಿ. ಕರಪತ್ರದಲ್ಲಿ ಹಣ ಕಟ್ಟಿದ ಗಂಡಸರ ಹೆಸರು ದಪ್ಪ ಅಕ್ಷರದಲ್ಲಿ, ಸ್ತ್ರೀಪಾತ್ರಗಳಿಗೆ ಎಷ್ಟೋ ಸಲ ‘ತುಮಕೂರಿನ ಕಲಾವಿದೆಯರಿಂದ’ ಎಂದಷ್ಟೇ ಇರುತ್ತದೆ. ನಾಟಕ ಮಂಡಳಿಯವರು ಇಲ್ಲಿದ್ದರೆ ದಯವಿಟ್ಟು ಪೂರ್ತಿ ಹೆಸರು ಅಚ್ಚು ಹಾಕಿಸಿ. ಮುಂದೆ ಅದೇ ಅವರ ದಾಖಲೆ.

ನಿಟ್ಟೂರಿನ ಮಗಳು

ತುಮಕೂರಿನ ಪಾತ್ರಧಾರಿಣಿ ಅಮ್ಮನವರು ಬರೆದದ್ದನ್ನು ದೊಡ್ಡಪ್ಪ ಎರಡು ಸಲ ಓದಿಸಿ ಕೇಳಿದರು. ಅವರ ಮಾತು:

“ತಂಗಿ, ನೀವು ಹೇಳಿದ್ದು ನಿಜ. ನಾನು ದುರ್ಯೋಧನನಿಗೆ ಕಟ್ಟುತ್ತಿದ್ದಷ್ಟೇ ಹಣವನ್ನು ಈ ವರ್ಷ ಧೃತರಾಷ್ಟ್ರನಿಗೂ ಕಟ್ಟುತ್ತೇನೆ. ಹೆಚ್ಚಾದದ್ದು ಗಾಂಧಾರಿಯ ಸಂಭಾವನೆಗೆ ಹೋಗಲಿ, ದ್ರೌಪದಿಗೆ ಎಷ್ಟೋ ಗಾಂಧಾರಿಗೂ ಅಷ್ಟು. ಎದುರಿಗೆ ಒಳ್ಳೆಯ ಗಾಂಧಾರಿ ಇಲ್ಲದಿದ್ದರೆ ನನ್ನ ಧೃತರಾಷ್ಟ್ರ ನಿಲ್ಲುವುದಿಲ್ಲ. ನೀವೇ ಬರಬೇಕು. ಹೋಗುವಾಗ ತುಮಕೂರಿನವರೆಗೆ ಕಾರಿನಲ್ಲಿ ಬಿಟ್ಟು ಬರುವುದು ನಮ್ಮ ಮನೆಯ ಜವಾಬ್ದಾರಿ.

ಚೇಳೂರಿನ ಮಗು, ದುರ್ಯೋಧನನ ಪಾತ್ರಕ್ಕೆ ಈ ಸಲ ಹಣದ ಮಾತು ಎತ್ತಬೇಡಿ ಎಂದು ಮಂಡಳಿಯವರನ್ನು ನಾನೇ ಕೇಳುತ್ತೇನೆ, ಅವರು ಒಪ್ಪುತ್ತಾರೋ ಇಲ್ಲವೋ ನೋಡೋಣ. ನೀನು ಭಾನುವಾರಗಳಲ್ಲಿ ನಮ್ಮ ತೋಟಕ್ಕೆ ಬಾ. ಪದ್ಯ ಆಮೇಲೆ, ಮೊದಲು ಗದೆ ಹಿಡಿದು ನಡೆಯುವುದನ್ನು ಕಲಿಯಬೇಕು.”

ನನ್ನ ಕಡೆಯಿಂದ: ಈ ಚರ್ಚೆಯನ್ನು ಅಣ್ಣಂದಿರಿಗೂ ಕಳುಹಿಸಿದೆ. ದೊಡ್ಡಣ್ಣ ಒಪ್ಪಿದ್ದಾನೆ, ಆದರೆ ಅಪ್ಪನ ದೃಶ್ಯಗಳೆಲ್ಲ ಮಧ್ಯರಾತ್ರಿಯೊಳಗೆ ಮುಗಿಯಬೇಕು ಎನ್ನುತ್ತಾನೆ. ಹಾಗೆ ಮಾಡಲು ಬರುತ್ತದೆಯೇ ಮೇಷ್ಟ್ರೇ?

ಹಾರ್ಮೋನಿಯಂ ಮೇಷ್ಟ್ರು, ತಿಪಟೂರು

ಬರುವುದಿಲ್ಲಮ್ಮ. ಮಕ್ಕಳೆಲ್ಲ ಸತ್ತ ಮೇಲಿನ ಧೃತರಾಷ್ಟ್ರನನ್ನು ಮಧ್ಯರಾತ್ರಿಗೆ ಮೊದಲು ತರುವುದು ಹೇಗೆ? ಮೊದಲ ದೃಶ್ಯಗಳನ್ನು ರಾತ್ರಿ 11ರೊಳಗೆ ಮುಗಿಸಬಹುದು. ಆಮೇಲೆ ಕಿರೀಟ ತೆಗೆದು, ಬಣ್ಣದ ಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಲಿ. ಜಾವದ ದೃಶ್ಯಕ್ಕೆ ಅರ್ಧ ಗಂಟೆ ಮುಂಚೆ ಎಬ್ಬಿಸಿ ಬಿಸಿನೀರು ಕುಡಿಸಿ. ಎದ್ದ ಕೂಡಲೇ ಹಾಡಿಸಬೇಡಿ, ಮಂದ್ರದಲ್ಲಿ ಒಂದಿಷ್ಟು ಹೊತ್ತು ಗುನುಗಿಕೊಳ್ಳಲಿ. ನಿಮ್ಮ ಅಣ್ಣನೇ ಪಕ್ಕದಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ಪಾತ್ರಧಾರಿಣಿ, ತುಮಕೂರು

ಅಣ್ಣನವರೇ, ಬರುತ್ತೇನೆ. ಮುಂಗಡ ಕೊಟ್ಟು ದಿನಾಂಕ ತಿಳಿಸಲು ಮಂಡಳಿಯವರಿಗೆ ಹೇಳಿ, ಆ ದಿನಕ್ಕೆ ಬೇರೆ ಕಡೆ ಒಪ್ಪಿಕೊಳ್ಳುವುದಿಲ್ಲ. ಪ್ರದರ್ಶನದ ದಿನ ಸಂಜೆ ಬಂದು ಮಾತು ಹೊಂದಿಸಿಕೊಳ್ಳುವ ಪಾತ್ರ ಇದಲ್ಲ, ಎರಡು ತಾಲೀಮಿಗಾದರೂ ಬರಬೇಕು, ಬಸ್ ಖರ್ಚು ಕೊಡಿಸಿ. ಗಾಂಧಾರಿಗೆ ಕಣ್ಣಿಗೆ ಬಟ್ಟೆ ಕಟ್ಟಿರುತ್ತದೆ, ಹಿಂದಿನ ಮೆಟ್ಟಿಲಿಗೆ ಶಿರಾದ ತಾಯಿ ಹೇಳಿದ ದೀಪ ಸಾಲದು, ಕೈ ಹಿಡಿಯುವ ಹುಡುಗ ಬೇಕೇ ಬೇಕು. ಕರಪತ್ರಕ್ಕೆ ನನ್ನ ಹೆಸರನ್ನು ಅಕ್ಷರ ತಪ್ಪಿಲ್ಲದೆ ಬರೆದು ಕಳುಹಿಸುತ್ತೇನೆ.